ಮನೆಯಲ್ಲಿ ಬಳಸುವ ವೈದ್ಯಕೀಯ ಆಮ್ಲಜನಕದ ಕೊಳವೆಯ ಸದ್ದು: ಕಾರಣಗಳು, ಪರಿಹಾರಗಳು ಹಾಗೂ ದೂರು ಸಲ್ಲಿಸುವ ಕ್ರಮ

(ಮಧುಗಿರಿ ಉಪವಿಭಾಗದ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ಸಾರ್ವಜನಿಕರ ಮಾಹಿತಿಗಾಗಿ)

1. ಪೀಠಿಕೆ

ವೈದ್ಯರ ಸಲಹೆಯ ಮೇರೆಗೆ ಮನೆಯಲ್ಲಿಯೇ ಆಮ್ಲಜನಕ ಪಡೆಯುವ ರೋಗಿಗಳಿಗೆ ಕೊಳವೆಯಿಂದ ಬರುವ ಸದ್ದು ದೊಡ್ಡ ಕಿರಿಕಿರಿಯಾಗುವುದುಂಟು. ಹಗಲಿನಲ್ಲಿ ಗಮನಕ್ಕೆ ಬಾರದ ಗುಳುಗುಳು ಸದ್ದು, ಸುಯ್ಯೆನ್ನುವ ಸದ್ದು ಅಥವಾ ಸಿಳ್ಳೆಯಂತಹ ಸದ್ದು ರಾತ್ರಿಯ ವೇಳೆ ಸ್ಪಷ್ಟವಾಗಿ ಕೇಳಿಸುತ್ತದೆ. ಶಿರಾ ತಾಲ್ಲೂಕಿನ ಮದಲೂರಿನಂತಹ ಗ್ರಾಮಗಳಲ್ಲಿ, ಒಂದೇ ಕೋಣೆಯಲ್ಲಿ ಮನೆಮಂದಿಯೆಲ್ಲ ಮಲಗುವ ಮನೆಗಳಲ್ಲಿ, ರೋಗಿಯ ನಿದ್ರೆಯ ಜೊತೆಗೆ ಮಕ್ಕಳ ಹಾಗೂ ಆರೈಕೆ ಮಾಡುವವರ ನಿದ್ರೆಗೂ ಇದರಿಂದ ಭಂಗವಾಗುತ್ತದೆ. "ನನ್ನಿಂದ ಎಲ್ಲರಿಗೂ ತೊಂದರೆ" ಎಂಬ ಸಂಕೋಚದಿಂದ ರೋಗಿಗಳು ತಾವಾಗಿಯೇ ಯಂತ್ರವನ್ನು ನಿಲ್ಲಿಸುವ ಅಥವಾ ಆಮ್ಲಜನಕದ ಪ್ರಮಾಣವನ್ನು ಇಳಿಸುವ ಸಾಧ್ಯತೆ ಇರುತ್ತದೆ. ಇದು ಜೀವಕ್ಕೆ ಅಪಾಯಕಾರಿ.

ಈ ಸದ್ದುಗಳಲ್ಲಿ ಬಹುಪಾಲು ಸಣ್ಣಪುಟ್ಟ ಕಾರಣಗಳಿಂದ ಉಂಟಾಗುತ್ತವೆ ಹಾಗೂ ಮನೆಯಲ್ಲಿಯೇ ಸರಿಪಡಿಸಬಹುದಾಗಿವೆ. ಸದ್ದನ್ನು ಅದರ ಕಾರಣ ಹುಡುಕಿ ಕಡಿಮೆ ಮಾಡಬೇಕೇ ಹೊರತು ಆಮ್ಲಜನಕದ ಪ್ರಮಾಣವನ್ನು ತಗ್ಗಿಸಿ ಅಲ್ಲ ಎಂಬುದನ್ನು ಸಾರ್ವಜನಿಕರು ಮೊದಲಿಗೆ ಗಮನದಲ್ಲಿಟ್ಟುಕೊಳ್ಳತಕ್ಕದ್ದು.

2. ಈ ಮಾಹಿತಿ ಯಾರಿಗೆ ಅನ್ವಯಿಸುತ್ತದೆ

ಅ) ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಇರುವವರು. ಬೀಡಿ ಸಿಗರೇಟು ಸೇವನೆ, ಸೌದೆ ಒಲೆಯ ಹೊಗೆ, ಕಲ್ಲು ಕೆಲಸದ ಧೂಳು ಹಾಗೂ ಹಿಂದೆ ಬಂದು ವಾಸಿಯಾದ ಕ್ಷಯರೋಗ ಇಂತಹ ಕಾಯಿಲೆಗೆ ಮುಖ್ಯ ಕಾರಣಗಳು.

ಆ) ಆಸ್ಪತ್ರೆಯಿಂದ ಬಿಡುಗಡೆಯಾದ ನಂತರ ಕೆಲವು ವಾರ ಅಥವಾ ತಿಂಗಳು ಆಮ್ಲಜನಕ ಪಡೆಯಲು ಸೂಚಿಸಲ್ಪಟ್ಟವರು.

ಇ) 2021ರ ಕೋವಿಡ್ ಎರಡನೇ ಅಲೆಯ ಸಂದರ್ಭದಲ್ಲಿ ಖರೀದಿಸಿದ ಅಥವಾ ದಾನವಾಗಿ ಪಡೆದ ಕಾನ್ಸಂಟ್ರೇಟರ್ ಯಂತ್ರವನ್ನು ಈಗ ಬೇರೊಬ್ಬ ರೋಗಿಗೆ ಬಳಸುತ್ತಿರುವ ಕುಟುಂಬದವರು.

ಆಸ್ಪತ್ರೆಯಲ್ಲಿ ಒಳರೋಗಿಯಾಗಿರುವವರು ಸದ್ದಿನ ಬಗ್ಗೆ ವಾರ್ಡಿನ ಶುಶ್ರೂಷಾಧಿಕಾರಿಯವರಿಗೆ ತಿಳಿಸತಕ್ಕದ್ದು. ಅಲ್ಲಿನ ಉಪಕರಣಗಳನ್ನು ರೋಗಿಯ ಕಡೆಯವರು ಮುಟ್ಟಬಾರದು.

3. ಸದ್ದಿನ ಕಾರಣಕ್ಕೆ ಆಮ್ಲಜನಕವನ್ನು ನಿಲ್ಲಿಸಬಾರದೇಕೆ

ವಿಶ್ರಾಂತಿಯಲ್ಲಿರುವಾಗಲೂ ರಕ್ತದಲ್ಲಿನ ಆಮ್ಲಜನಕದ ಮಟ್ಟ ಪಲ್ಸ್ ಆಕ್ಸಿಮೀಟರಿನಲ್ಲಿ ಶೇ. 88 ಅಥವಾ ಅದಕ್ಕಿಂತ ಕಡಿಮೆ ಇರುವ ರೋಗಿಗಳಿಗೆ, ಅಗತ್ಯ ಪರೀಕ್ಷೆಗಳ ನಂತರ, ವೈದ್ಯರು ಸಾಮಾನ್ಯವಾಗಿ ದಿನಕ್ಕೆ ಕನಿಷ್ಠ 15 ಗಂಟೆಗಳ ಆಮ್ಲಜನಕವನ್ನು ಸೂಚಿಸುತ್ತಾರೆ. 1981ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ತೀವ್ರ ಶ್ವಾಸಕೋಶದ ಕಾಯಿಲೆಯ 87 ರೋಗಿಗಳನ್ನು ಐದು ವರ್ಷಗಳ ಕಾಲ ಗಮನಿಸಲಾಯಿತು. ದಿನಕ್ಕೆ 15 ಗಂಟೆ ಆಮ್ಲಜನಕ ಪಡೆದ 42 ಮಂದಿಯಲ್ಲಿ 19 ಮಂದಿ ಮೃತಪಟ್ಟರೆ, ಪಡೆಯದ 45 ಮಂದಿಯಲ್ಲಿ 30 ಮಂದಿ ಮೃತಪಟ್ಟರು. 1980ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನದಲ್ಲಿಯೂ ರಾತ್ರಿ ಮಾತ್ರ ಆಮ್ಲಜನಕ ಪಡೆದವರಿಗಿಂತ ಹೆಚ್ಚು ಗಂಟೆಗಳ ಕಾಲ ಪಡೆದವರು ಹೆಚ್ಚು ಬದುಕುಳಿದರು.

ಹದಿನೈದು ಗಂಟೆಗಳಲ್ಲಿ ರಾತ್ರಿ ನಿದ್ರೆಯ ಎಂಟು ಗಂಟೆಗಳು ಸೇರಿರುವುದರಿಂದಲೇ ರೋಗಿಗೆ ಆ ಲೆಕ್ಕ ಪೂರೈಸುವುದು ಸಾಧ್ಯವಾಗುತ್ತದೆ. ಸದ್ದಿನ ಕಾರಣಕ್ಕೆ ರಾತ್ರಿ ಯಂತ್ರವನ್ನು ನಿಲ್ಲಿಸಿದಲ್ಲಿ ಚಿಕಿತ್ಸೆಯ ಅರ್ಧಕ್ಕಿಂತ ಹೆಚ್ಚು ಭಾಗ ತಪ್ಪಿದಂತಾಗುತ್ತದೆ. ಅಲ್ಲದೆ ಇಂತಹ ಅನೇಕ ರೋಗಿಗಳಲ್ಲಿ ನಿದ್ರೆಯ ವೇಳೆ ಆಮ್ಲಜನಕದ ಮಟ್ಟ ಇನ್ನಷ್ಟು ಕುಸಿಯುತ್ತದೆ.

ದಿನದ 24 ಗಂಟೆಯೂ ಆಮ್ಲಜನಕ ಪಡೆಯುವುದರಿಂದ 15 ಗಂಟೆಗಿಂತ ಹೆಚ್ಚಿನ ಪ್ರಯೋಜನ ಕಂಡುಬರಲಿಲ್ಲವೆಂದು ಸ್ವೀಡನ್ನಿನಲ್ಲಿ ನಡೆದು 2024ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿದೆ. ಆದ್ದರಿಂದ ಸದ್ದಿನಿಂದ ತೀವ್ರ ತೊಂದರೆಯಾಗುತ್ತಿರುವವರು ಯಾವ ಗಂಟೆಗಳಲ್ಲಿ ಯಂತ್ರವನ್ನು ನಿಲ್ಲಿಸಬಹುದೆಂದು ತಮ್ಮ ವೈದ್ಯರನ್ನು ಕೇಳಬಹುದು. ಸ್ವಂತ ತೀರ್ಮಾನ ಮಾತ್ರ ಕೂಡದು.

4. ಉಪಕರಣದ ಭಾಗಗಳ ಪರಿಚಯ

ಸದ್ದು ಎಲ್ಲಿಂದ ಬರುತ್ತಿದೆ ಎಂದು ತಿಳಿಯಲು ಈ ಕೆಳಕಂಡ ಭಾಗಗಳ ಪರಿಚಯ ಇರಬೇಕು.

ಅ) ಮೂಲ: ಆಮ್ಲಜನಕದ ಸಿಲಿಂಡರ್ ಅಥವಾ ಕಾನ್ಸಂಟ್ರೇಟರ್ ಯಂತ್ರ. ಕಾನ್ಸಂಟ್ರೇಟರ್ ಯಂತ್ರವು ಕೋಣೆಯ ಗಾಳಿಯನ್ನು ಒಳಗೆಳೆದುಕೊಂಡು, ಜಿಯೋಲೈಟ್ ಎಂಬ ಹರಳುಗಳ ಮೂಲಕ ಸಾರಜನಕವನ್ನು ಹಿಡಿದಿಟ್ಟು, ಸುಮಾರು ಶೇ. 90ರಿಂದ 95ರಷ್ಟು ಶುದ್ಧವಾದ ಆಮ್ಲಜನಕವನ್ನು ಹೊರಬಿಡುತ್ತದೆ.

ಆ) ಫ್ಲೋಮೀಟರ್: ನಿಮಿಷಕ್ಕೆ ಎಷ್ಟು ಲೀಟರ್ ಆಮ್ಲಜನಕ ಹರಿಯುತ್ತಿದೆ ಎಂದು ಸಣ್ಣ ಗುಂಡಿನ ಮಟ್ಟದಿಂದ ತೋರಿಸುವ ಗಾಜಿನಂತಹ ನಳಿಕೆ.

ಇ) ಹ್ಯುಮಿಡಿಫೈಯರ್ ಬಾಟಲಿ: ಆಮ್ಲಜನಕವನ್ನು ನೀರಿನ ಮೂಲಕ ಗುಳ್ಳೆಗಳಾಗಿ ಹಾಯಿಸಿ ತೇವಗೊಳಿಸುವ ಬಾಟಲಿ.

ಈ) ಕೊಳವೆ: ಬಾಟಲಿಯಿಂದ ರೋಗಿಯವರೆಗಿನ ಪ್ಲಾಸ್ಟಿಕ್ ಟ್ಯೂಬು.

ಉ) ಮೂಗಿನ ನಳಿಕೆ: ಕಿವಿಗಳ ಮೇಲಿಂದ ಬಂದು ಮೂಗಿನ ಹೊಳ್ಳೆಗಳಲ್ಲಿ ಎರಡು ತುದಿಗಳನ್ನು ಇರಿಸುವ ಭಾಗ. ಆಸ್ಪತ್ರೆಗಳಲ್ಲಿ ಇದನ್ನು ಕ್ಯಾನುಲಾ ಎನ್ನುತ್ತಾರೆ.

5. ಸದ್ದಿನ ಬಗೆಗಳು, ಕಾರಣಗಳು ಮತ್ತು ಪರಿಹಾರಗಳು

5.1 ಬಾಟಲಿಯಲ್ಲಿ ಗುಳುಗುಳು ಸದ್ದು

ಬಾಟಲಿಯಲ್ಲಿ ಗುಳ್ಳೆಗಳು ಏಳುವುದು ಸಹಜ. ಆಮ್ಲಜನಕ ಹರಿಯುತ್ತಿದೆ ಎಂಬುದಕ್ಕೆ ಅದು ಸಾಕ್ಷಿ. ಆದರೆ ನೀರು ಗರಿಷ್ಠ ಗೆರೆಗಿಂತ ಮೇಲಿದ್ದಲ್ಲಿ ಅಥವಾ ಬಾಟಲಿಯೊಳಗಿನ ಗುಳ್ಳೆ ಬಿಡುವ ತುದಿಯಲ್ಲಿ ಸುಣ್ಣದಂತಹ ಪದರ ಕಟ್ಟಿದ್ದಲ್ಲಿ ಗುಳ್ಳೆಗಳು ದಪ್ಪವಾಗಿ ಸದ್ದು ಹೆಚ್ಚುತ್ತದೆ. ನೀರನ್ನು ಕನಿಷ್ಠ ಹಾಗೂ ಗರಿಷ್ಠ ಗೆರೆಗಳ ನಡುವೆ ಇರಿಸತಕ್ಕದ್ದು. ತುದಿಯನ್ನು ವಾರಕ್ಕೊಮ್ಮೆ ಸ್ವಚ್ಛಗೊಳಿಸತಕ್ಕದ್ದು (ಕ್ರಮ ಸಂಖ್ಯೆ 6 ನೋಡುವುದು).

ನಿಮಿಷಕ್ಕೆ 4 ಲೀಟರ್‌ವರೆಗೆ ಮೂಗಿನ ನಳಿಕೆಯ ಮೂಲಕ ಆಮ್ಲಜನಕ ಪಡೆಯುವ ಬಹುತೇಕ ವಯಸ್ಕರಿಗೆ ಈ ಬಾಟಲಿಯ ಅಗತ್ಯ ಇರುವುದಿಲ್ಲ. ಮೂಗು ತಾನಾಗಿಯೇ ಅಷ್ಟು ಗಾಳಿಯನ್ನು ತೇವಗೊಳಿಸುತ್ತದೆ. ಬಾಟಲಿಯನ್ನು ತೆಗೆದು ಕೊಳವೆಯನ್ನು ಯಂತ್ರಕ್ಕೆ ನೇರವಾಗಿ ಜೋಡಿಸಿದಲ್ಲಿ ಗುಳ್ಳೆಯ ಸದ್ದೂ, ಕೊಳವೆಯಲ್ಲಿ ನೀರು ಕಟ್ಟುವ ತೊಂದರೆಯೂ ಒಮ್ಮೆಗೇ ನಿವಾರಣೆಯಾಗುತ್ತವೆ. ಆದ್ದರಿಂದ "ನಮ್ಮ ರೋಗಿಗೆ ಬಾಟಲಿ ಅಗತ್ಯವಿದೆಯೇ?" ಎಂಬ ಪ್ರಶ್ನೆಯನ್ನು ಮುಂದಿನ ಭೇಟಿಯಲ್ಲಿ ವೈದ್ಯರಿಗೆ ತಪ್ಪದೆ ಕೇಳತಕ್ಕದ್ದು. ಮೂಗಿನಲ್ಲಿ ರಕ್ತ ಬರುವವರು, ಗಂಟಲಿನಲ್ಲಿ ರಂಧ್ರ ಮಾಡಿ ನಳಿಕೆ ಅಳವಡಿಸಿರುವವರು ಹಾಗೂ ಮಕ್ಕಳ ವಿಷಯದಲ್ಲಿ ವೈದ್ಯರ ಅನುಮತಿ ಇಲ್ಲದೆ ಬಾಟಲಿ ತೆಗೆಯಬಾರದು.

5.2 ಕೊಳವೆಯ ಒಳಗೆ ನೀರು ಓಡಾಡುವ ಸದ್ದು

ತೇವಗೊಂಡ ಆಮ್ಲಜನಕ ತಣ್ಣನೆಯ ಕೊಳವೆಯಲ್ಲಿ ಹರಿದಾಗ ಅದರಲ್ಲಿನ ನೀರಾವಿ ಹನಿಗಟ್ಟುತ್ತದೆ. ಹನಿಗಳು ಕೊಳವೆ ಜೋತುಬಿದ್ದ ಕಡೆ ಸೇರಿ, ಆಮ್ಲಜನಕ ಅವುಗಳನ್ನು ತಳ್ಳುತ್ತಾ ಹೋಗುವುದರಿಂದ ಈ ಸದ್ದು ಬರುತ್ತದೆ. ಡಿಸೆಂಬರ್ ಮತ್ತು ಜನವರಿ ತಿಂಗಳ ಚಳಿಯ ರಾತ್ರಿಗಳಲ್ಲಿ, ಕಲ್ಲು ಚಪ್ಪಡಿ ಅಥವಾ ಸಿಮೆಂಟಿನ ನೆಲದ ಮೇಲೆ ಕೊಳವೆ ಹಾಯ್ದಿರುವ ಮನೆಗಳಲ್ಲಿ ಇದು ಹೆಚ್ಚು. ನೀರು ಮೂಗಿಗೆ ಚಿಮ್ಮಿದಲ್ಲಿ ರೋಗಿಗೆ ಕೆಮ್ಮು ಬರಬಹುದು. ಹೆಚ್ಚು ನೀರು ನಿಂತಲ್ಲಿ ಆಮ್ಲಜನಕದ ಹರಿವಿಗೂ ಅಡ್ಡಿಯಾಗಬಹುದು.

ಪರಿಹಾರ:

- ಕೊಳವೆಯನ್ನು ನೆಲದ ಮೇಲೆ ಬಿಡದೆ, ಗೋಡೆಯ ಬದಿಯಲ್ಲಿ ಅಥವಾ ಮಂಚದ ಅಂಚಿನಲ್ಲಿ ಬಟ್ಟೆಯ ಪಟ್ಟಿಯಿಂದ ಸಡಿಲವಾಗಿ ಕಟ್ಟುವುದು.
- ಬಾಟಲಿಯನ್ನು ರೋಗಿಯ ತಲೆಗಿಂತ ಕೆಳಮಟ್ಟದಲ್ಲಿ ಇರಿಸಿ, ಕೊಳವೆ ಅಲ್ಲಿಂದ ರೋಗಿಯ ಕಡೆಗೆ ಏರುತ್ತಾ ಹೋಗುವಂತೆ ಮಾಡುವುದು. ಆಗ ಹನಿಗಟ್ಟಿದ ನೀರು ಬಾಟಲಿಗೇ ಹಿಂದಿರುಗುತ್ತದೆ.
- ನಡುವೆ ಜೋತುಬಿದ್ದ ಸುರುಳಿಗಳು ಇರದಂತೆ ನೋಡಿಕೊಳ್ಳುವುದು.
- ಅಗತ್ಯವಿದ್ದಲ್ಲಿ ಕೊಳವೆಯ ಅತಿ ಕೆಳಗಿನ ಜಾಗದಲ್ಲಿ ನೀರು ಸಂಗ್ರಹಿಸುವ ಸಣ್ಣ ಡಬ್ಬಿಯನ್ನು (ವಾಟರ್ ಟ್ರ್ಯಾಪ್) ಅಳವಡಿಸಿಕೊಳ್ಳುವುದು. ಇದು ವೈದ್ಯಕೀಯ ಉಪಕರಣಗಳ ಅಂಗಡಿಗಳಲ್ಲಿ ದೊರೆಯುತ್ತದೆ.
- ಫ್ಯಾನಿನ ಅಥವಾ ಕಿಟಕಿಯ ತಣ್ಣನೆಯ ಗಾಳಿ ಕೊಳವೆಗೆ ನೇರವಾಗಿ ತಾಗದಂತೆ ನೋಡಿಕೊಳ್ಳುವುದು.

ನೀರು ತೆಗೆಯುವಾಗ ಮೊದಲು ನಳಿಕೆಯನ್ನು ಮೂಗಿನಿಂದ ತೆಗೆದು, ಒಣಗಿದ ಮತ್ತೊಂದು ಕೊಳವೆಯನ್ನು ರೋಗಿಗೆ ಜೋಡಿಸಿ, ಆ ಬಳಿಕ ಒದ್ದೆ ಕೊಳವೆಯನ್ನು ನೇತುಹಾಕಿ ಒಣಗಿಸತಕ್ಕದ್ದು. ಇದಕ್ಕಾಗಿ ಮನೆಯಲ್ಲಿ ಒಂದು ಹೆಚ್ಚುವರಿ ಕೊಳವೆ ಇಟ್ಟುಕೊಳ್ಳುವುದು ಸೂಕ್ತ. ಕೊಳವೆಗೆ ಬಾಯಿಂದ ಊದಬಾರದು.

5.3 ಸುಯ್ಯೆನ್ನುವ ಸದ್ದು

ಆಮ್ಲಜನಕ ಇಕ್ಕಟ್ಟಾದ ದಾರಿಯಲ್ಲಿ ವೇಗವಾಗಿ ಹಾಯುವಾಗ ಈ ಸದ್ದು ಬರುತ್ತದೆ. ದಾರಿಯ ಅಗಲ ಅರ್ಧಕ್ಕೆ ಇಳಿದರೆ ವೇಗ ನಾಲ್ಕು ಪಟ್ಟಾಗುತ್ತದೆ. ಸದ್ದು ಬರುವ ಜಾಗವನ್ನು ಈ ಕೆಳಗಿನಂತೆ ಗುರುತಿಸಬಹುದು.

ಮೂಗಿನ ಬಳಿ: ನಳಿಕೆಯ ತುದಿಗಳು ತಲೆಕೆಳಗಾಗಿದ್ದಲ್ಲಿ, ಹೊಳ್ಳೆಯ ಗೋಡೆಗೆ ಒತ್ತಿದ್ದಲ್ಲಿ ಅಥವಾ ಸಿಂಬಳ ಒಣಗಿ ಕಟ್ಟಿಕೊಂಡಿದ್ದಲ್ಲಿ ಸದ್ದು ಬರುತ್ತದೆ. ಬಾಗಿದ ತುದಿಗಳು ಮೂಗಿನ ಒಳಗೆ ಕೆಳಮುಖವಾಗಿ ಇರಬೇಕು. ತುದಿಗಳನ್ನು ಪ್ರತಿದಿನ ಒದ್ದೆ ಬಟ್ಟೆಯಿಂದ ಒರೆಸುವುದು. ಗಟ್ಟಿಯಾದ ಅಥವಾ ಹಳದಿಗಟ್ಟಿದ ನಳಿಕೆಯನ್ನು ಬದಲಾಯಿಸುವುದು. ನಿರಂತರ ಬಳಕೆಯಲ್ಲಿ ನಳಿಕೆಯನ್ನು ಎರಡರಿಂದ ನಾಲ್ಕು ವಾರಗಳಿಗೊಮ್ಮೆ, ಉದ್ದದ ಕೊಳವೆಯನ್ನು ಸುಮಾರು ಮೂರು ತಿಂಗಳಿಗೊಮ್ಮೆ ಬದಲಾಯಿಸುವುದು ವಾಡಿಕೆ.

ಜೋಡಣೆಗಳ ಬಳಿ: ಕೊಳವೆಯ ಕೊನೆ ಹಿಗ್ಗಿ ಸಡಿಲವಾಗಿದ್ದಲ್ಲಿ ಆಮ್ಲಜನಕ ಸೋರುತ್ತದೆ. ಒದ್ದೆ ಬೆರಳನ್ನು ಹತ್ತಿರ ಹಿಡಿದರೆ ಗಾಳಿ ತಾಗುವುದು ತಿಳಿಯುತ್ತದೆ. ಸಡಿಲವಾದ ಕೊಳವೆಗೆ ದಾರ ಸುತ್ತುವುದು, ಅಂಟುಪಟ್ಟಿ ಹಚ್ಚುವುದು ತಾತ್ಕಾಲಿಕ ಉಪಾಯವಾಗಬಹುದೇ ಹೊರತು ಪರಿಹಾರವಲ್ಲ. ಹೊಸ ಕೊಳವೆ ಹಾಕತಕ್ಕದ್ದು.

ಬಾಟಲಿಯ ಮುಚ್ಚಳದ ಬಳಿ: ಮುಚ್ಚಳ ಓರೆಯಾಗಿ ಕೂತಿದ್ದಲ್ಲಿ ಸೋರಿಕೆ ಉಂಟಾಗುತ್ತದೆ. ಬಿಚ್ಚಿ ಮತ್ತೆ ನೇರವಾಗಿ ತಿರುಗಿಸುವುದು. ಪರೀಕ್ಷಿಸಲು, ಬಾಟಲಿಯಿಂದ ಹೊರಡುವ ಕೊಳವೆಯನ್ನು ಎರಡು ಮೂರು ಸೆಕೆಂಡುಗಳ ಕಾಲ ಮಾತ್ರ ಮಡಚಿ ಹಿಡಿಯುವುದು. ಗುಳ್ಳೆಗಳು ನಿಂತಲ್ಲಿ ಅಥವಾ ಬಾಟಲಿಯ ಸಿಳ್ಳೆ ಕೇಳಿದಲ್ಲಿ ಮುಚ್ಚಳ ಸರಿಯಾಗಿದೆ. ಸಿಳ್ಳೆಯೂ ಇಲ್ಲದೆ ಗುಳ್ಳೆಗಳು ಏಳುತ್ತಲೇ ಇದ್ದಲ್ಲಿ ಮುಚ್ಚಳದ ಬಳಿ ಸೋರಿಕೆ ಇದೆ ಎಂದು ತಿಳಿಯುವುದು.

ಸಿಲಿಂಡರಿನ ರೆಗ್ಯುಲೇಟರ್ ಬಳಿ: ಇದನ್ನು ಮನೆಯವರು ಸರಿಪಡಿಸಲು ಯತ್ನಿಸಬಾರದು. ಸಿಲಿಂಡರನ್ನು ಬಂದ್ ಮಾಡಿ, ಬದಲಿ ವ್ಯವಸ್ಥೆಗೆ ರೋಗಿಯನ್ನು ಜೋಡಿಸಿ, ಸರಬರಾಜುದಾರರನ್ನು ಕರೆಯತಕ್ಕದ್ದು. ಸೋರಿಕೆಯಿಂದ ಬೆಂಕಿಯ ಅಪಾಯವಷ್ಟೇ ಅಲ್ಲದೆ ಸಿಲಿಂಡರ್ ಬೇಗ ಬರಿದಾಗುತ್ತದೆ. ಸುಮಾರು 1500 ಲೀಟರ್ ಆಮ್ಲಜನಕ ಹಿಡಿಸುವ ಸಣ್ಣ ಸಿಲಿಂಡರ್ ನಿಮಿಷಕ್ಕೆ 2 ಲೀಟರಿನಂತೆ ಹನ್ನೆರಡೂವರೆ ಗಂಟೆ ಬರಬೇಕು. ಅದಕ್ಕೂ ಬಹಳ ಮೊದಲೇ ಮುಗಿಯುತ್ತಿದ್ದಲ್ಲಿ ಸೋರಿಕೆಯನ್ನು ಶಂಕಿಸುವುದು.

5.4 ಸಿಳ್ಳೆಯಂತಹ ಸದ್ದು

ಹಲವು ಬಾಟಲಿಗಳ ಮುಚ್ಚಳದಲ್ಲಿ ಸುರಕ್ಷತಾ ಕವಾಟ ಇರುತ್ತದೆ. ಮುಂದೆ ಕೊಳವೆ ಮಡಚಿಕೊಂಡು ಅಥವಾ ಮುಚ್ಚಿಹೋಗಿ ಒತ್ತಡ ಏರಿದಾಗ ಈ ಕವಾಟ ತೆರೆದು ಸಿಳ್ಳೆ ಹಾಕುತ್ತದೆ. ಇದು ದೋಷವಲ್ಲ, ಎಚ್ಚರಿಕೆ. ರೋಗಿಗೆ ಆಮ್ಲಜನಕ ತಲುಪುತ್ತಿಲ್ಲ ಎಂದು ಇದರ ಅರ್ಥ. ಕವಾಟಕ್ಕೆ ಬಟ್ಟೆ ತುರುಕುವುದು, ಅಂಟು ಹಾಕುವುದು ಸರ್ವಥಾ ಕೂಡದು. ಮಂಚದ ಕಾಲು, ಬಾಗಿಲು, ಕುರ್ಚಿ ಅಥವಾ ರೋಗಿಯ ಮೈ ಕೊಳವೆಯ ಮೇಲೆ ಬಿದ್ದಿದೆಯೇ ಎಂದು ಬಾಟಲಿಯಿಂದ ಮೂಗಿನವರೆಗೂ ಕೈಯಾಡಿಸಿ ನೋಡತಕ್ಕದ್ದು.

5.5 ಕಿವಿಯ ಬಳಿ ಗುಂಯ್‌ಗುಡುವ ಸದ್ದು

ಕೊಳವೆ ಕಿವಿಯ ಮೇಲೆ ಹಾಯುವುದರಿಂದ ಯಂತ್ರದ ನಡುಕ ಕೊಳವೆಯ ಮೂಲಕ ಕಿವಿಗೆ ತಲುಪಬಹುದು. ಪಕ್ಕದಲ್ಲಿ ಮಲಗಿದವರಿಗೆ ಕೇಳಿಸದ ಈ ಸದ್ದು ರೋಗಿಗೆ ಮಾತ್ರ ಕೇಳಿಸುತ್ತದೆ. ಆದ್ದರಿಂದ ರೋಗಿಯ ಮಾತನ್ನು ಅಲ್ಲಗಳೆಯಬಾರದು. ಕಿವಿಯ ಮೇಲಿನ ಭಾಗಕ್ಕೆ ಮೆತ್ತನೆಯ ಬಟ್ಟೆ ಅಥವಾ ಸ್ಪಂಜಿನ ಹೊದಿಕೆ ಹಾಕುವುದು, ಕೊಳವೆ ಕಬ್ಬಿಣದ ಮಂಚಕ್ಕೆ ತಾಗದಂತೆ ಮಾಡುವುದು ಹಾಗೂ ಅಂಗಿಗೆ ಸಡಿಲವಾಗಿ ಸಿಕ್ಕಿಸಿ ಎಳೆತ ತಪ್ಪಿಸುವುದು ಇದಕ್ಕೆ ಪರಿಹಾರ.

5.6 ಯಂತ್ರದ ಸದ್ದು

ಕಾನ್ಸಂಟ್ರೇಟರ್ ಯಂತ್ರಗಳ ಸದ್ದು ಸಾಮಾನ್ಯವಾಗಿ 40ರಿಂದ 55 ಡೆಸಿಬಲ್ ಇರುತ್ತದೆ. ಮಲಗುವ ಕೋಣೆಯ ಒಳಗಿನ ನಿರಂತರ ಸದ್ದು 30 ಡೆಸಿಬಲ್ ಮೀರದಿರುವುದು ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಸಲಹೆ ನೀಡಿದೆ. ಆದ್ದರಿಂದ ಯಂತ್ರವನ್ನು ರೋಗಿಯ ತಲೆಯ ಬಳಿ ಇಡದೆ ದೂರದಲ್ಲಿ, ಸಾಧ್ಯವಾದಲ್ಲಿ ಪಕ್ಕದ ಕೋಣೆ ಅಥವಾ ಪಡಸಾಲೆಯಲ್ಲಿ ಇರಿಸಬಹುದು. ಕೊಳವೆಯ ಒಟ್ಟು ಉದ್ದ ತಯಾರಕರ ಕೈಪಿಡಿಯಲ್ಲಿ ಸೂಚಿಸಿದ ಮಿತಿಯನ್ನು, ಸಾಮಾನ್ಯವಾಗಿ 15 ಮೀಟರ್, ಮೀರಬಾರದು. ಉದ್ದದ ಕೊಳವೆ ಹಾಕಿದ ನಂತರ ಮೂಗಿನ ತುದಿಯಲ್ಲಿ ಹರಿವು ಸರಿಯಾಗಿದೆಯೇ ಎಂದು ಪರೀಕ್ಷಿಸತಕ್ಕದ್ದು.

ಯಂತ್ರದ ಅಡಿಯಲ್ಲಿ ರಬ್ಬರಿನ ಚಾಪೆ ಹಾಸಿದಲ್ಲಿ ನಡುಕ ತಗ್ಗುತ್ತದೆ. ಸುತ್ತಲೂ ಕನಿಷ್ಠ ಒಂದು ಅಡಿ ಜಾಗ ಬಿಡತಕ್ಕದ್ದು. ಗಾಳಿ ಒಳಹೋಗುವ ಜಾಗವನ್ನು ಮುಚ್ಚಬಾರದು. ಕಂಬಳಿ ಹೊದಿಸುವುದು, ಬೀರುವಿನೊಳಗೆ ಇಡುವುದು ಅಪಾಯಕಾರಿ. ಅಡುಗೆ ಮನೆಯಲ್ಲಿ ಇಡಲೇಬಾರದು. ಕೆಲವು ಸೆಕೆಂಡುಗಳಿಗೊಮ್ಮೆ ಉಸಿರು ಬಿಟ್ಟಂತೆ ಬರುವ ಸದ್ದು ಯಂತ್ರದೊಳಗೆ ಸಾರಜನಕವನ್ನು ಹೊರಬಿಡುವ ಸದ್ದಾಗಿದ್ದು, ಅದು ಸಹಜ. ಹೆಗಲಿಗೆ ತೂಗುಹಾಕುವ ಸಣ್ಣ ಯಂತ್ರಗಳಲ್ಲಿ ಪ್ರತಿ ಉಸಿರಿಗೂ ಕೇಳುವ ಸಣ್ಣ ಸದ್ದೂ ಸಹಜವೇ. ಗಾಳಿ ಸೋಸುವ ಜಾಲರಿಯಲ್ಲಿ ಧೂಳು ತುಂಬಿದ್ದಲ್ಲಿ ಅಥವಾ ವಿದ್ಯುತ್ ವೋಲ್ಟೇಜ್ ಕುಸಿದಲ್ಲಿ ಯಂತ್ರದ ಸದ್ದು ಬದಲಾಗಬಹುದು. ತೊಳೆಯಬಹುದಾದ ಜಾಲರಿಯನ್ನು ವಾರಕ್ಕೊಮ್ಮೆ ತೊಳೆದು ಪೂರ್ತಿ ಒಣಗಿಸಿ ಹಾಕುವುದು.

5.7 ಸದ್ದು ಏಕಾಏಕಿ ನಿಂತಲ್ಲಿ

ಸದ್ದು ಹೆಚ್ಚಾದಾಗ ಗಮನಿಸುವಂತೆಯೇ ಸದ್ದು ನಿಂತಾಗಲೂ ಗಮನಿಸತಕ್ಕದ್ದು. ಬಾಟಲಿಯಲ್ಲಿ ಗುಳ್ಳೆ ನಿಂತಿದ್ದಲ್ಲಿ ಆಮ್ಲಜನಕ ಹರಿಯುತ್ತಿಲ್ಲದಿರಬಹುದು. ನಳಿಕೆಯ ತುದಿಗಳನ್ನು ಒಂದು ಲೋಟ ಶುದ್ಧ ನೀರಿನಲ್ಲಿ ಅದ್ದಿದಾಗ ಗುಳ್ಳೆಗಳು ಬಂದಲ್ಲಿ ಹರಿವು ಇದೆ ಎಂದು ತಿಳಿಯಬಹುದು. ಬಳಿಕ ತುದಿಗಳನ್ನು ಒರೆಸಿ ಬಳಸುವುದು.

6. ಬಾಟಲಿಗೆ ಹಾಕುವ ನೀರಿನ ಬಗ್ಗೆ ವಿಶೇಷ ಸೂಚನೆ

ಈ ನಾಲ್ಕೂ ತಾಲ್ಲೂಕುಗಳಲ್ಲಿ ಕೊಳವೆ ಬಾವಿಯ ನೀರಿನ ಬಳಕೆ ವ್ಯಾಪಕವಾಗಿದೆ. ಹಲವೆಡೆ ಈ ನೀರು ಗಡುಸಾಗಿದ್ದು, ಫ್ಲೋರೈಡ್ ಅಂಶವನ್ನೂ ಹೊಂದಿದೆ. ಇಂತಹ ನೀರನ್ನು ಬಾಟಲಿಗೆ ಹಾಕಿದಲ್ಲಿ ನೀರು ಆವಿಯಾಗಿ ಹೋಗಿ ಲವಣಗಳು ಬಾಟಲಿಯಲ್ಲಿಯೇ ಉಳಿದು ಪದರ ಕಟ್ಟುತ್ತವೆ. ಗುಳ್ಳೆ ಬಿಡುವ ಸಣ್ಣ ರಂಧ್ರಗಳು ಮುಚ್ಚಿಕೊಂಡು ಸದ್ದು ಹೆಚ್ಚುವುದಲ್ಲದೆ ಹರಿವೂ ಕುಗ್ಗಬಹುದು. ಕುದಿಸುವುದರಿಂದ ಕ್ರಿಮಿಗಳು ಸಾಯುತ್ತವೆಯೇ ಹೊರತು ಫ್ಲೋರೈಡ್ ಹೋಗುವುದಿಲ್ಲ. ಆದುದರಿಂದ:

- ಔಷಧಿ ಅಂಗಡಿಯಲ್ಲಿ ದೊರೆಯುವ, ವೈದ್ಯಕೀಯ ಬಳಕೆಯ ಭಟ್ಟಿ ಇಳಿಸಿದ ನೀರನ್ನು ಬಳಸುವುದು ಉತ್ತಮ.
- ಅದು ದೊರೆಯದಿದ್ದಲ್ಲಿ ಗ್ರಾಮದ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನು ಕುದಿಸಿ, ಮುಚ್ಚಿಟ್ಟು ಆರಿಸಿ ಬಳಸುವುದು.
- ಗ್ಯಾರೇಜುಗಳಲ್ಲಿ ಮಾರುವ ಬ್ಯಾಟರಿ ನೀರನ್ನು ಬಳಸಲೇಬಾರದು.
- ನೀರನ್ನು ಪ್ರತಿದಿನ ಪೂರ್ತಿ ಚೆಲ್ಲಿ ಹೊಸದಾಗಿ ತುಂಬುವುದು. ಹಳೆಯ ನೀರಿನ ಮೇಲೆ ಹೊಸ ನೀರು ಸುರಿಯಬಾರದು.
- ಬಾಟಲಿಯನ್ನು ಸಾಬೂನು ನೀರಿನಲ್ಲಿ ತೊಳೆಯುವುದು. ವಾರಕ್ಕೊಮ್ಮೆ ಒಂದು ಪಾಲು ಬಿಳಿ ವಿನೆಗರ್, ಮೂರು ಪಾಲು ನೀರು ಬೆರೆಸಿ ಅರ್ಧ ಗಂಟೆ ನೆನೆಸಿ, ಶುದ್ಧ ನೀರಿನಲ್ಲಿ ಚೆನ್ನಾಗಿ ಜಾಲಾಡಿ ಒಣಗಿಸುವುದು. ಇದರಿಂದ ಲವಣದ ಪದರವೂ ಕರಗುತ್ತದೆ. ತಯಾರಕರ ಕೈಪಿಡಿಯಲ್ಲಿ ಬೇರೆ ಕ್ರಮ ತಿಳಿಸಿದ್ದಲ್ಲಿ ಅದನ್ನೇ ಅನುಸರಿಸುವುದು.

7. ಮಾಡಬಾರದ ಕೆಲಸಗಳು

ಅ) ಸದ್ದು ಕಡಿಮೆ ಮಾಡಲು ಫ್ಲೋಮೀಟರ್ ಇಳಿಸಬಾರದು. ಸೋರಿಕೆ ಸರಿದೂಗಿಸಲೆಂದು ಏರಿಸಲೂಬಾರದು. ಕೆಲವು ಶ್ವಾಸಕೋಶ ರೋಗಿಗಳಲ್ಲಿ ಅಗತ್ಯಕ್ಕಿಂತ ಹೆಚ್ಚಿನ ಆಮ್ಲಜನಕದಿಂದ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿ ಮಂಪರು ಕವಿಯುವ ಅಪಾಯವಿದೆ.

ಆ) ಜೋಡಣೆಗಳಿಗೆ ಕೊಬ್ಬರಿ ಎಣ್ಣೆ, ಹರಳೆಣ್ಣೆ, ಗ್ರೀಸ್ ಅಥವಾ ಮೂಗಿಗೆ ವ್ಯಾಸಲೀನ್ ಹಚ್ಚಬಾರದು. ಎಣ್ಣೆ ಜಿಡ್ಡು ಆಮ್ಲಜನಕದ ಸಂಪರ್ಕದಲ್ಲಿ ಸುಲಭವಾಗಿ ಹೊತ್ತಿಕೊಳ್ಳಬಲ್ಲದು. ಮೂಗು ಒಣಗಿದಲ್ಲಿ ನೀರು ಆಧಾರಿತ ಮುಲಾಮು ಅಥವಾ ಉಪ್ಪುನೀರಿನ ಹನಿಗಳನ್ನು ವೈದ್ಯರಲ್ಲಿ ಕೇಳಿ ಪಡೆಯುವುದು.

ಇ) ಆಮ್ಲಜನಕ ಬಳಸುವ ಜಾಗದಿಂದ ಕನಿಷ್ಠ 3 ಮೀಟರ್ ಒಳಗೆ ಒಲೆ, ದೀಪ, ಊದುಬತ್ತಿ, ಬೀಡಿ, ಸೊಳ್ಳೆ ಬತ್ತಿ ಇರಬಾರದು. ಯಂತ್ರ ನಿಲ್ಲಿಸಿದ ಕೂಡಲೇ ರೋಗಿ ಒಲೆಯ ಬಳಿ ಹೋಗಬಾರದು. ಬಟ್ಟೆ ಹಾಗೂ ಹಾಸಿಗೆಯಲ್ಲಿ ಆಮ್ಲಜನಕ ಸ್ವಲ್ಪ ಹೊತ್ತು ಉಳಿದಿರುತ್ತದೆ.

ಈ) ಯಂತ್ರದ ಎಚ್ಚರಿಕೆ ಗಂಟೆಯ ಸಂಪರ್ಕ ಕತ್ತರಿಸಬಾರದು.

ಉ) ಕೊಳವೆಯನ್ನು ಹೊದಿಕೆಯ ಕೆಳಗೆ ಅದುಮಿ ಇಡಬಾರದು.

8. 2021ರ ಹಳೆಯ ಯಂತ್ರಗಳನ್ನು ಬಳಸುವವರ ಗಮನಕ್ಕೆ

ಬಹುಕಾಲ ಬಳಸದೆ ಇಟ್ಟ ಯಂತ್ರದಲ್ಲಿ ಜಿಯೋಲೈಟ್ ಹರಳುಗಳು ತೇವ ಹೀರಿಕೊಂಡು ದುರ್ಬಲವಾಗಬಹುದು. ಆಗ ಯಂತ್ರ ಎಂದಿನಂತೆ ಓಡುತ್ತಿದ್ದರೂ, ಬಾಟಲಿಯಲ್ಲಿ ಗುಳ್ಳೆ ಏಳುತ್ತಿದ್ದರೂ, ಹೊರಬರುವ ಗಾಳಿಯಲ್ಲಿ ಆಮ್ಲಜನಕದ ಪ್ರಮಾಣ ಕಡಿಮೆ ಇರಬಹುದು. ಆದ್ದರಿಂದ ಇಂತಹ ಯಂತ್ರವನ್ನು ರೋಗಿಗೆ ಜೋಡಿಸುವ ಮೊದಲು ತಂತ್ರಜ್ಞರಿಂದ ಆಮ್ಲಜನಕದ ಶುದ್ಧತೆಯನ್ನು ಅಳೆಸತಕ್ಕದ್ದು. ಹಿಂದಿನ ರೋಗಿಯ ಕೊಳವೆ, ನಳಿಕೆ ಮತ್ತು ಬಾಟಲಿಯನ್ನು ಮತ್ತೊಬ್ಬರಿಗೆ ಬಳಸಬಾರದು.

9. ವಿದ್ಯುತ್ ವ್ಯತ್ಯಯದ ಸಂದರ್ಭದಲ್ಲಿ

ಕಾನ್ಸಂಟ್ರೇಟರ್ ಬಳಸುವ ಪ್ರತಿ ಮನೆಯಲ್ಲಿಯೂ ತುಂಬಿದ ಸಿಲಿಂಡರ್ ಒಂದು ಸಿದ್ಧವಿರತಕ್ಕದ್ದು. ಅದಕ್ಕೆ ಹೊಂದುವ ಕೊಳವೆಯನ್ನು ಮೊದಲೇ ಜೋಡಿಸಿ ನೋಡಿಕೊಂಡಿರಬೇಕು. ಸಿಲಿಂಡರ್ ಉರುಳದಂತೆ ಗೋಡೆಗೆ ಕಟ್ಟಿ ನಿಲ್ಲಿಸುವುದು. ವಿದ್ಯುತ್ ದೂರುಗಳಿಗೆ ಬೆಸ್ಕಾಂ ಸಹಾಯವಾಣಿ 1912 ಅನ್ನು ಸಂಪರ್ಕಿಸಿ, ಮನೆಯಲ್ಲಿ ಆಮ್ಲಜನಕ ಯಂತ್ರದ ರೋಗಿ ಇರುವುದನ್ನು ತಿಳಿಸುವುದು.

10. ಸರಬರಾಜುದಾರರಿಗೆ ದೂರು ಸಲ್ಲಿಸುವ ಕ್ರಮ

ಮೇಲ್ಕಂಡ ಕ್ರಮಗಳಿಂದ ಸದ್ದು ಕಡಿಮೆಯಾಗದಿದ್ದಲ್ಲಿ ಯಂತ್ರವನ್ನು ಮಾರಿದ ಅಥವಾ ಬಾಡಿಗೆಗೆ ನೀಡಿದ ಸಂಸ್ಥೆಗೆ ಲಿಖಿತ ದೂರು ನೀಡತಕ್ಕದ್ದು. ದೂರವಾಣಿಯಲ್ಲಿ "ಸದ್ದು ಬರುತ್ತಿದೆ" ಎಂದಷ್ಟೇ ಹೇಳಿದಲ್ಲಿ ತಂತ್ರಜ್ಞರಿಗೆ ಕಾರಣ ತಿಳಿಯುವುದಿಲ್ಲ. ಬೇಕಾದ ಬಿಡಿಭಾಗವಿಲ್ಲದೆ ತುಮಕೂರು ಅಥವಾ ಬೆಂಗಳೂರಿನಿಂದ ಬಂದು ಹಿಂದಿರುಗುವಂತಾಗುತ್ತದೆ. ದೂರಿನಲ್ಲಿ ಈ ಕೆಳಕಂಡ ವಿವರಗಳು ಇರಬೇಕು:

(1) ಯಂತ್ರದ ಹೆಸರು, ಮಾದರಿ ಮತ್ತು ಕ್ರಮಸಂಖ್ಯೆ
(2) ಖರೀದಿ ಅಥವಾ ಬಾಡಿಗೆಯ ದಿನಾಂಕ ಹಾಗೂ ರಸೀದಿಯ ಪ್ರತಿ
(3) ವೈದ್ಯರು ಸೂಚಿಸಿದ ಪ್ರಮಾಣ: ನಿಮಿಷಕ್ಕೆ ಎಷ್ಟು ಲೀಟರ್, ದಿನಕ್ಕೆ ಎಷ್ಟು ಗಂಟೆ
(4) ಸದ್ದಿನ ಬಗೆ: ಗುಳುಗುಳು, ಸುಯ್, ಸಿಳ್ಳೆ, ಗುಂಯ್
(5) ಸದ್ದು ಬರುವ ಜಾಗ: ಯಂತ್ರ, ಬಾಟಲಿ, ಜೋಡಣೆ, ಕೊಳವೆ, ಮೂಗು
(6) ಯಾವ ವೇಳೆಯಲ್ಲಿ ಹೆಚ್ಚು, ಎಂದಿನಿಂದ ಆರಂಭ
(7) ಕೊಳವೆಯ ಉದ್ದ ಮತ್ತು ಕೊನೆಯ ಬಾರಿ ಬದಲಾಯಿಸಿದ ದಿನಾಂಕ
(8) ಮನೆಯಲ್ಲಿ ಈಗಾಗಲೇ ಕೈಗೊಂಡ ಕ್ರಮಗಳು

ದೂರಿನ ಒಂದು ಪ್ರತಿಯನ್ನು ಸ್ವೀಕೃತಿಯೊಂದಿಗೆ ತಮ್ಮಲ್ಲಿ ಇಟ್ಟುಕೊಳ್ಳತಕ್ಕದ್ದು. ಸಾಧ್ಯವಾದಲ್ಲಿ ಸದ್ದನ್ನು ಮೊಬೈಲ್ ದೂರವಾಣಿಯಲ್ಲಿ ಧ್ವನಿಮುದ್ರಿಸಿಕೊಳ್ಳುವುದು.

ಸೂಕ್ತ ಉತ್ತರ ದೊರೆಯದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಅಡಿಯಲ್ಲಿ ತುಮಕೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷಗಳೊಳಗೆ ದೂರು ಸಲ್ಲಿಸಲು ಅವಕಾಶವಿದೆ. ಪಾವತಿಸಿದ ಮೊತ್ತ ರೂ. 5 ಲಕ್ಷದವರೆಗೆ ಇದ್ದಲ್ಲಿ ಶುಲ್ಕ ಇರುವುದಿಲ್ಲ.

ಉಪಕರಣದ ದೋಷದಿಂದ ರೋಗಿಗೆ ಹಾನಿಯಾಗಿದ್ದಲ್ಲಿ ಅದನ್ನು 2015ರಲ್ಲಿ ಆರಂಭವಾದ ಭಾರತೀಯ ವೈದ್ಯಕೀಯ ಸಾಧನಗಳ ಸುರಕ್ಷತಾ ನಿಗಾ ಕಾರ್ಯಕ್ರಮಕ್ಕೆ ಉಚಿತ ದೂರವಾಣಿ 1800-180-3024ರಲ್ಲಿ ವರದಿ ಮಾಡಬಹುದು.

11. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಸದ್ದು ಹೆಚ್ಚಾದರೆ ಹೆಚ್ಚು ಆಮ್ಲಜನಕ ಬರುತ್ತಿದೆ ಎಂದು ಅರ್ಥವೇ?
ಉತ್ತರ: ಇಲ್ಲ. ಸೋರಿಕೆ ಇದ್ದಾಗಲೂ ಸದ್ದು ಹೆಚ್ಚುತ್ತದೆ. ಪ್ರಮಾಣವನ್ನು ಫ್ಲೋಮೀಟರಿನಿಂದ, ಪರಿಣಾಮವನ್ನು ಪಲ್ಸ್ ಆಕ್ಸಿಮೀಟರಿನಿಂದ ತಿಳಿಯತಕ್ಕದ್ದು.

ಪ್ರಶ್ನೆ: ರೋಗಿ ಕಿವಿಗೆ ಹತ್ತಿ ಇಟ್ಟುಕೊಳ್ಳಬಹುದೇ?
ಉತ್ತರ: ರೋಗಿಯ ಜೊತೆ ಮಲಗುವವರಲ್ಲಿ ಒಬ್ಬರಿಗಾದರೂ ಎಚ್ಚರಿಕೆ ಗಂಟೆ ಕೇಳಿಸುವಂತಿರಬೇಕು. ಈ ವ್ಯವಸ್ಥೆ ಇದ್ದಲ್ಲಿ ಅಡ್ಡಿಯಿಲ್ಲ.

ಪ್ರಶ್ನೆ: ತೋಟಕ್ಕೆ ಬಳಸುವ ಹನಿ ನೀರಾವರಿ ಪೈಪು ಅಥವಾ ಮೀನಿನ ತೊಟ್ಟಿಯ ಪೈಪನ್ನು ಉದ್ದಕ್ಕೆ ಜೋಡಿಸಬಹುದೇ?
ಉತ್ತರ: ಕೂಡದು. ವೈದ್ಯಕೀಯ ಬಳಕೆಗೆ ತಯಾರಾದ ಕೊಳವೆಯನ್ನೇ ಬಳಸತಕ್ಕದ್ದು. ಅದರ ಒಳಗೋಡೆ ಮಡಚಿದರೂ ಪೂರ್ತಿ ಮುಚ್ಚಿಕೊಳ್ಳದಂತೆ ಏಣುಗಳಿಂದ ಕೂಡಿರುವುದನ್ನು ಕೇಳಿ ಪಡೆಯುವುದು.

12. ತುರ್ತು ಸಂದರ್ಭದಲ್ಲಿ

ತುಟಿ ಅಥವಾ ಉಗುರು ನೀಲಿಗಟ್ಟುವುದು, ಮಾತನಾಡಲಾಗದಷ್ಟು ಉಬ್ಬಸ, ಎಬ್ಬಿಸಿದರೂ ಏಳದ ಮಂಪರು, ಗೊಂದಲದ ಮಾತು ಅಥವಾ ಆಕ್ಸಿಮೀಟರಿನಲ್ಲಿ ವೈದ್ಯರು ತಿಳಿಸಿದ ಮಟ್ಟಕ್ಕಿಂತ ಕಡಿಮೆ ಅಂಕಿ ಕಂಡುಬಂದಲ್ಲಿ ಸದ್ದಿನ ಕಾರಣ ಹುಡುಕುತ್ತಾ ಕಾಲಹರಣ ಮಾಡಬಾರದು. ರೋಗಿಯನ್ನು ಸಿಲಿಂಡರಿಗೆ ಜೋಡಿಸಿ, ಕೂಡಲೇ 108ಕ್ಕೆ ಕರೆ ಮಾಡಿ, ಹತ್ತಿರದ ತಾಲ್ಲೂಕು ಸಾರ್ವಜನಿಕ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. ಆರೋಗ್ಯ ಸಲಹೆಗಾಗಿ 104 ಆರೋಗ್ಯ ಸಹಾಯವಾಣಿಯನ್ನು ಸಂಪರ್ಕಿಸಬಹುದು.

ಮನೆಯಲ್ಲಿ ಆಮ್ಲಜನಕ ಬಳಸುವವರು ಇರುವುದನ್ನು ಗ್ರಾಮದ ಆಶಾ ಕಾರ್ಯಕರ್ತೆಯವರಿಗೆ ಹಾಗೂ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳಿಗೆ ಮುಂಚಿತವಾಗಿ ತಿಳಿಸಿರುವುದು ಒಳಿತು. ಸಾರ್ವಜನಿಕರು ಈ ಮಾಹಿತಿಯನ್ನು ಮುದ್ರಿಸಿಕೊಂಡು ಯಂತ್ರದ ಬಳಿ ಇರಿಸಿಕೊಂಡು, ಆರೈಕೆ ಮಾಡುವ ಎಲ್ಲರಿಗೂ ಓದಿ ತಿಳಿಸಬೇಕೆಂದು ಕೋರಲಾಗಿದೆ.